ಗಾಂಧಾರ ಸ್ವಲ್ಪ ಏರಿದೆ

ಬಾಗಿಲು ಮಾಡಿಕೊಟ್ಟರೆ ಬಾಗಿಲಿನ ಕಥೆ ಅಲ್ಲಿಗೆ ಮುಗಿಯಿತು. ಮಂಚ ಮಾಡಿಕೊಟ್ಟರೆ ಅದರ ಮೇಲೆ ಮಲಗುವವರು ಮಲಗಿ ನಮ್ಮನ್ನು ಮರೆಯುತ್ತಾರೆ. ವೀಣೆಯ ಸಹವಾಸ ಹಾಗಲ್ಲ. ಅದನ್ನು ಒಮ್ಮೆ ಮುಟ್ಟಿದವನಿಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಆದದ್ದನ್ನು ಹೇಳಿದರೆ ಕೇಳಿದವರಿಗೆ ತಕ್ಷಣ ನಗು ಬರುತ್ತದೆ, ಅನುಭವಿಸಿದವನಿಗೆ ನಗು ಬರಲು ಮಾತ್ರ ಕೆಲವು ವರ್ಷ ಬೇಕು. ನನಗೆ ಈಗೀಗ ಬರುತ್ತಿದೆ.

ನಾನು ಚಾಮರಾಜನಗರದಲ್ಲಿ ಮರಗೆಲಸ ಮಾಡುವವನು. ಬಾಗಿಲು, ಕಿಟಕಿ, ಮಂಚ, ದೇವರ ಮಂಟಪ ಇವೇ ನನ್ನ ಹೊಟ್ಟೆಪಾಡು. ನಮ್ಮ ತಂದೆ ಪ್ರಾಯದಲ್ಲಿ ಮೈಸೂರಿನಲ್ಲಿ ವೀಣೆ ಮಾಡುವವರ ಹತ್ತಿರ ಕೆಲಸಕ್ಕಿದ್ದರು. ಅವರಿಂದ ನನಗೆ ಬಂದ ಆಸ್ತಿ ಎರಡು ಉಳಿ, ಮುಚ್ಚಳ ಸರಿಯಾಗಿ ಕೂರದ ಒಂದು ಪೆಟ್ಟಿಗೆ ಮತ್ತು ವೀಣೆಗೆ ಮೇಳ ಕಟ್ಟುವ ವಿದ್ಯೆ. ಮೇಳ ಕಟ್ಟುವುದು ಅಂದರೆ ಇಷ್ಟೆ. ವೀಣೆಯ ಉದ್ದನೆಯ ದಂಡಿಯ ಮೇಲೆ ಜೇನುಮೇಣದ ಎರಡು ಸಾಲು ಕಟ್ಟಿ, ಅದರ ಮೇಲೆ ಇಪ್ಪತ್ತನಾಲ್ಕು ಲೋಹದ ಮೆಟ್ಟಿಲು ಕೂರಿಸಿ, ಒಂದೊಂದನ್ನೂ ಅದರದರ ಸ್ವರಕ್ಕೆ ನಿಲ್ಲಿಸುವುದು. ಕೂದಲೆಳೆಯಷ್ಟು ಆಚೀಚೆಯಾದರೂ ಸ್ವರ ಕೆಟ್ಟಿತು. ಮೇಣ ಕಾಲಕ್ಕೆ ಸಡಿಲವಾಗುತ್ತದೆ, ಆಗ ಎಲ್ಲ ಕಿತ್ತು ಮತ್ತೆ ಕಟ್ಟಬೇಕು.

ನಮ್ಮೂರಲ್ಲಿ ವೀಣೆ ಇರುವ ಮನೆಗಳನ್ನು ಒಂದು ಕೈಯಲ್ಲಿ ಎಣಿಸಬಹುದು. ಆದರೆ ಅದರಲ್ಲೊಂದು ಮನೆ ಅಮ್ಮಾವ್ರದು. ಹೆಸರು ಹೇಳುವುದಿಲ್ಲ, ಹೇಳಿದರೆ ನಿಮಗೆ ಗೊತ್ತಾಗಿಬಿಡುತ್ತದೆ. ರೇಡಿಯೊದಲ್ಲಿ ಅವರ ವೀಣೆ ಕೇಳುತ್ತಾ ಮುಖ ತೊಳೆದವರು ಈ ರಾಜ್ಯದಲ್ಲಿ ಬೇಕಾದಷ್ಟು ಜನ ಇದ್ದಾರೆ. ಮದ್ರಾಸಿನ ದೊಡ್ಡ ಸಭೆಗಳಲ್ಲಿ ನುಡಿಸಿದವರು, ವಿಮಾನ ಹತ್ತಿ ಹೊರದೇಶಕ್ಕೂ ಹೋಗಿಬಂದವರು. ಬಂದ ಪ್ರಶಸ್ತಿ ಫಲಕಗಳನ್ನು ಇಡಲು ಗೋಡೆಯ ಕಪಾಟನ್ನು ನಾನೇ ಎರಡು ಸಲ ಉದ್ದ ಮಾಡಿಕೊಟ್ಟಿದ್ದೇನೆ. ಇಷ್ಟೆಲ್ಲ ಆದರೂ ಊರು ಬಿಟ್ಟು ಕದಲಲಿಲ್ಲ. ಯಾಕೆ ಅಂತ ಯಾರಾದರೂ ಕೇಳಿದರೆ, ಎಲ್ಲ ಕಡೆಗೂ ಬಸ್ಸಿದೆಯಲ್ಲ ಅನ್ನುತ್ತಿದ್ದರು.

ಇಂಥವರ ವೀಣೆಗೆ ಮೂವತ್ತು ವರ್ಷ ಮೇಳ ಕಟ್ಟಿದವನು ನಾನು. ಪ್ರತಿ ಸಲವೂ ಕೆಲಸ ಮುಗಿಸಿ ವೀಣೆಯನ್ನು ಅವರ ಮುಂದಿಟ್ಟು ಕೈಕಟ್ಟಿ ಕೂರುತ್ತಿದ್ದೆ. ಅವರು ಒಂದು ತಂತಿ ಮೀಟಿ, ಕಣ್ಣು ಮುಚ್ಚಿ, ಮೇಲಿಂದ ಕೆಳಗೆ ಬೆರಳು ಓಡಿಸಿ, ಕೊನೆಗೆ ಒಂದೇ ಮಾತು ಹೇಳುತ್ತಿದ್ದರು.

"ಗಾಂಧಾರ ಸ್ವಲ್ಪ ಏರಿದೆ."

ಸರಿಗಮದಲ್ಲಿ ಮೂರನೆಯದು ಗಾಂಧಾರ. ಏರಿದೆ ಅಂದರೆ ಆ ಸ್ವರ ಇರಬೇಕಾದ್ದಕ್ಕಿಂತ ಒಂದು ಎಳೆ ಮೇಲೆ ನಿಂತಿದೆ ಅಂತ. ನಾನು ಕಬ್ಬಿಣದ ಕಡ್ಡಿ ಕಾಯಿಸಿ, ಮೇಣ ಮೆತ್ತಗೆ ಮಾಡಿ, ಆ ಮೆಟ್ಟಿಲನ್ನು ಉಸಿರಾಡದೆ ಜರುಗಿಸುತ್ತಿದ್ದೆ. ಆಮೇಲೆ ಬರುತ್ತಿದ್ದದ್ದು "ಹ್ಞೂಂ" ಅಷ್ಟೆ. ಸರಿಯಾಗಿದೆ ಎಂಬ ಮಾತು ಮೂವತ್ತು ವರ್ಷದಲ್ಲಿ ಒಂದು ಸಲವೂ ಅವರ ಬಾಯಿಂದ ಬರಲಿಲ್ಲ. ಸಾಯುವುದರೊಳಗೆ ಅದನ್ನೊಮ್ಮೆ ಕೇಳಲೇಬೇಕು ಅಂತ ನನಗೆ ಹಠ ಹಿಡಿದಿತ್ತು. ಎರಡು ಸಾವಿರದ ಇಸವಿ ದಾಟಿದ ಮೇಲಂತೂ ಇಬ್ಬರಿಗೂ ವಯಸ್ಸಾಗುತ್ತಿದೆ ಅಂತ ಹಠ ಇನ್ನೂ ಜಾಸ್ತಿಯಾಯಿತು. ಆ ಕಾಲದಲ್ಲಿ ನಾನು ಪಟ್ಟ ಪಾಡುಗಳಲ್ಲಿ ಹೇಳಬಹುದಾದವನ್ನು ಇಲ್ಲಿ ಹೇಳುತ್ತೇನೆ.

ಗಟ್ಟಿ ಮುದ್ದೆ

ಅಂಗಡಿಯ ಮೇಣ ನನಗೆ ಆಗುವುದಿಲ್ಲ. ಬೆಟ್ಟದ ಕಡೆಯಿಂದ ಸೋಲಿಗರು ತಂದುಕೊಡುವ ಜೇನುಮೇಣವೇ ಬೇಕು. ಅದನ್ನು ಕರಗಿಸಿ, ರಾಳ ಮತ್ತು ಇದ್ದಿಲ ಪುಡಿ ಬೆರೆಸಿ, ಬಿಸಿಯಿರುವಾಗಲೇ ನಾದಿ ಉಂಡೆ ಕಟ್ಟಬೇಕು. ನಾದಲು ನಮ್ಮ ಅಡುಗೆಮನೆಯ ಮುದ್ದೆ ಮಣೆಗಿಂತ ಒಳ್ಳೆಯ ಜಾಗವಿಲ್ಲ. ಈ ವಿಷಯದಲ್ಲಿ ನನ್ನ ಹೆಂಡತಿಗೂ ನನಗೂ ಮದುವೆಯಾದ ವಾರದಿಂದ ಜಗಳ.

ಒಂದು ಮಧ್ಯಾಹ್ನ ಅವಳು ರೇಷನ್ ತರಲು ಹೋದದ್ದೇ ತಡ, ನಾನು ಒಲೆ ಹಿಡಿದೆ. ನಾಲ್ಕು ಉಂಡೆ ಕಟ್ಟಿ, ಧೂಳು ಬೀಳದಿರಲಿ ಅಂತ ಅವುಗಳ ಮೇಲೆ ಒಂದು ಬೋಗುಣಿ ಕವುಚಿ, ಹಿತ್ತಲಿಗೆ ಕೈ ತೊಳೆಯಲು ಹೋದೆ. ಕೈಗೆ ಹತ್ತಿದ ಮೇಣ ಬೇಗ ಬಿಡುವುದಿಲ್ಲ. ಸೀಮೆಎಣ್ಣೆ ಹಾಕಿ, ಸೋಪು ಹಾಕಿ, ಮತ್ತೆ ಸೀಮೆಎಣ್ಣೆ ಹಾಕಿ ಉಜ್ಜುತ್ತಿದ್ದೆ. ಅಷ್ಟರಲ್ಲಿ ಕುದೇರಿನಿಂದ ನನ್ನ ಭಾವಮೈದುನ ಬಂದಿದ್ದಾನೆ. ಹೊಲದಿಂದ ನೇರ ಬಸ್ಸು ಹತ್ತಿ ಬಂದವನಿಗೆ ಹಸಿವು. ಕರೆಂಟು ಬೇರೆ ಇಲ್ಲ, ಅಡುಗೆಮನೆಯಲ್ಲಿ ಕತ್ತಲು. ಅಕ್ಕನ ಮನೆಯಲ್ಲಿ ಕೇಳಿ ಉಣ್ಣುವ ಅಭ್ಯಾಸ ಅವನಿಗಿಲ್ಲ. ಬೋಗುಣಿ ಎತ್ತಿದ, ಬೆಚ್ಚಗಿನ ಉಂಡೆ ಕೈಗೆ ಸಿಕ್ಕಿತು, ತಟ್ಟೆಗೆ ಹಾಕಿಕೊಂಡ, ಅವರೆಕಾಳು ಸಾರು ಬಿಟ್ಟುಕೊಂಡ.

ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿಯುವುದು, ಸಾರಿನಲ್ಲಿ ಅದ್ದುವುದು, ನುಂಗುವುದು. ನಾನು ಒಳಗೆ ಬಂದು ನೋಡಿದಾಗ ಅವನು ಅರ್ಧ ಉಂಡೆ ಮುಗಿಸಿ ನೀರು ಕುಡಿಯುತ್ತಿದ್ದ.

"ಅಕ್ಕ ಇವತ್ತು ಮುದ್ದೆಯ ಒಸಿ ಗಟ್ಟಿ ಮಾಡ್ಬುಟ್ಟವ್ಳೆ ಕಣ್ ಭಾವ," ಅಂದ. "ಸಾರು ಮಾತ್ರ ಚೆಂದಾಗದೆ."

ಅವನನ್ನು ಎತ್ತಿಕೊಂಡೇ ಡಾಕ್ಟರ ಹತ್ತಿರ ಓಡಿದೆ. ಡಾಕ್ಟರು ಮೊದಲು ಏನು ತಿಂದ ಅಂತ ಕೇಳಿದರು, ಆಮೇಲೆ ಹೇಗೆ ತಿಂದ ಅಂತ ಕೇಳಿದರು. ಅಗಿದಿದ್ದರೆ ಹಲ್ಲಿಗೆ ಹಲ್ಲು ಅಂಟಿಕೊಂಡು ಬಾಯಿ ತೆರೆಸುವುದು ಕಷ್ಟವಾಗುತ್ತಿತ್ತು, ನುಂಗಿದ್ದೇ ಒಳ್ಳೆಯದಾಯಿತು, ಎರಡು ದಿನ ಬಾಳೆಹಣ್ಣು ತಿನ್ನಿಸಿ ಅಂದರು.

ಈ ಗಲಾಟೆಯಲ್ಲಿ ಅಮ್ಮಾವ್ರ ಮನೆಗೆ ಹೋಗುವುದು ತಡವಾಯಿತು. ಸುಳ್ಳು ಹೇಳಿ ಪ್ರಯೋಜನವಿಲ್ಲ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ನಗಲಿಲ್ಲ. ಬಹಳ ಗಂಭೀರವಾಗಿ, ಅವನು ತಿಂದದ್ದು ಕೆಳಗಿನ ಸ್ವರಗಳಿಗೆ ಇಟ್ಟ ಮೇಣವೋ ಮೇಲಿನವುಗಳದ್ದೋ ಅಂತ ವಿಚಾರಿಸಿದರು. ವಾರದ ಮೇಲೆ ಮೇಳ ಕಟ್ಟಿ ಮುಗಿಸಿದಾಗ ಗಾಂಧಾರ ಎಂದಿನ ಹಾಗೆ ಏರಿಯೇ ಇತ್ತು. ಭಾವಮೈದುನನಿಗೆ ಮಾತ್ರ ಎರಡೇ ದಿನಕ್ಕೆ ಎಲ್ಲ ಇಳಿದಿತ್ತು.

ದೇವರ ಪಕ್ಕದ ಜಾಗ

ಗುಂಡ್ಲುಪೇಟೆಯಲ್ಲಿ ರಾಮನವಮಿ ಕಛೇರಿ. ಕಾರು ಕಳಿಸುತ್ತೇವೆ ಅಂತ ಅಲ್ಲಿಯವರು ಹೇಳಿದರೂ ಅಮ್ಮಾವ್ರು ಬಸ್ಸಿದೆ ಅಂದರು. ಬಿಸಿಲು ನೆತ್ತಿ ಸುಡುತ್ತಿತ್ತು. ಮೇಣದ ವೀಣೆ ಬಿಸಿಲಲ್ಲಿ ಹೊರಟರೆ ಜೊತೆಗೆ ನಾನು ಹೋಗುವುದು ವಾಡಿಕೆ. ಬಸ್ಸು ಕಿಕ್ಕಿರಿದಿತ್ತು. ಅಮ್ಮಾವ್ರಿಗೆ ಮುಂದೆ ಸೀಟು ಸಿಕ್ಕಿತು, ನನ್ನನ್ನು ಜನ ತಳ್ಳುತ್ತಾ ತಳ್ಳುತ್ತಾ ಹಿಂದಿನ ಬಾಗಿಲಿಗೆ ತಂದು ನಿಲ್ಲಿಸಿದರು.

ಅಮ್ಮಾವ್ರು ಬಸ್ಸಿನಲ್ಲಿ ಕೂತ ಕೂಡಲೇ ನಿದ್ದೆ ಮಾಡುವವರು. ಡ್ರೈವರು ಬಲು ಭಕ್ತ. ಗವಸಿನೊಳಗೆ ಇರುವುದು ವೀಣೆ ಅಂತ ಗೊತ್ತಾದ ಕೂಡಲೇ ಎರಡೂ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡನಂತೆ. ಸರಸ್ವತಿಯನ್ನು ಜನರ ಕಾಲ ಹತ್ತಿರ ಇಡುವುದುಂಟೆ ಅಂತ, ಬಸ್ಸಿನಲ್ಲಿ ಇದ್ದದ್ದರಲ್ಲೇ ಗೌರವದ ಜಾಗ ಕೊಟ್ಟನಂತೆ. ಅಂದರೆ ತನ್ನ ಪಕ್ಕದ ಇಂಜಿನ್ ಬಾನೆಟ್ಟಿನ ಮೇಲೆ, ದೇವರ ಪಟಗಳ ಕೆಳಗೆ. ಎರಡು ಊದುಬತ್ತಿಯನ್ನೂ ಹಚ್ಚಿದನಂತೆ.

ತೆರಕಣಾಂಬಿಯಲ್ಲಿ ಒಂದಷ್ಟು ಜನ ಇಳಿದಾಗ ನಾನು ಮುಂದೆ ನುಗ್ಗಿ ನೋಡಿ, ಸುಡುತ್ತಿದ್ದ ಬಾನೆಟ್ಟಿನಿಂದ ವೀಣೆಯನ್ನು ಎತ್ತಿಕೊಂಡೆ. ಗವಸು ಬಿಚ್ಚಿದರೆ ಎಂಟು ಮೆಟ್ಟಿಲು ಬಸ್ಸಿನ ಪ್ರಯಾಣಿಕರ ಹಾಗೆಯೇ ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ಮಲಗಿದ್ದವು.

ಗುಂಡ್ಲುಪೇಟೆಯ ಪೆಂಡಾಲಿನಲ್ಲಿ ಜನ ತುಂಬಿದ್ದರು. ವೀಣೆಗೆ ಸ್ವಲ್ಪ ಹುಷಾರಿಲ್ಲ, ಪಾನಕ ಕುಡಿದು ಶಾಂತವಾಗಿ ಕುಳಿತಿರಿ ಅಂತ ಕಾರ್ಯದರ್ಶಿ ಮೈಕಿನಲ್ಲಿ ಹೇಳಿದರು. ನಾನು ರಸ್ತೆ ಬದಿಯ ಇಸ್ತ್ರಿ ಗಾಡಿಯವನಿಂದ ಒಂದು ಬಾಣಲಿ ಕೆಂಡ ಬೇಡಿ ತಂದು, ಪೆಂಡಾಲಿನ ಹಿಂದೆ ಕಡ್ಡಿ ಕಾಯಿಸಿ, ಮಲಗಿದವರನ್ನು ಒಬ್ಬೊಬ್ಬರನ್ನೇ ಎಬ್ಬಿಸಿ ಕೂರಿಸತೊಡಗಿದೆ. ವೀಣೆಗೆ ಹುಷಾರಿಲ್ಲ ಎಂದದ್ದು ಕೇಳಿ ಒಬ್ಬ ಅಜ್ಜಿ ಎದ್ದು ಬಂದಳು.

"ಎಂತೆಂತೋರ ಕಣ್ಣು ಬಿದ್ದದೋ ಏನೋ ಕಣಪ್ಪ," ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿ ನನ್ನ ಕೆಂಡದ ಬಾಣಲಿಗೇ ಸುರಿದಳು.

ಆಮೇಲಿನ ನಾಲ್ಕು ಮೆಟ್ಟಿಲನ್ನು ನಾನು ಕಣ್ಣು ಮೂಗಿನಲ್ಲಿ ನೀರು ಸುರಿಸಿಕೊಂಡು, ಕೆಮ್ಮು ತಡೆದುಕೊಂಡು ಕೂರಿಸಿದೆ. ಅಜ್ಜಿಗೆ ಮಾತ್ರ ದೃಷ್ಟಿ ಭಾರೀ ಇತ್ತು ಅಂತ ಖಾತ್ರಿಯಾಯಿತು. ಅಮ್ಮಾವ್ರು ಎರಡು ಗಂಟೆ ನುಡಿಸಿದರು, ಜನ ಕದಲಲಿಲ್ಲ. ವೇದಿಕೆ ಇಳಿಯುತ್ತಾ ನನ್ನ ಕಡೆ ನೋಡಿದರು. ಗಾಂಧಾರ ತಾನೆ, ಗೊತ್ತು ಅಮ್ಮಾವ್ರೇ ಅಂದೆ.

ಅಲ್ಲೇ ಅವರ ತಮ್ಮನ ಮನೆಯಲ್ಲಿ ಉಳಿದು ಮಾರನೆಯ ದಿನ ಬಸ್‌ಸ್ಟ್ಯಾಂಡಿಗೆ ಬಂದರೆ ಅದೇ ಬಸ್ಸು, ಅದೇ ಡ್ರೈವರು. ನಮ್ಮನ್ನು ಕಂಡು ಬಾನೆಟ್ಟು ಒರೆಸಿ, ಮಡಿ ಟವೆಲ್ಲು ಹಾಸಿದ. ಅವನ ಭಕ್ತಿ ನೋಡಿದರೆ ಬೇಡ ಅನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ.

"ವೀಣೆ ನನ್ನ ತೊಡೆ ಮೇಲೇ ಇರಲಿ," ಅಂದರು ಅಮ್ಮಾವ್ರು. "ಆ ಜಾಗದಲ್ಲಿ ನಮ್ಮ ಆಚಾರ್ರನ್ನ ಕೂರಿಸಿ."

ಚಾಮರಾಜನಗರದವರೆಗೂ ನಾನು ಬಾನೆಟ್ಟಿನ ಮೇಲೆ ಕೂತು ಬಂದೆ. ಡ್ರೈವರು ನನಗೂ ಊದುಬತ್ತಿ ಹಚ್ಚಿದ.

ಕುದೇರಿನ ಬಾಗಿಲು

ಇದು ಚಿಕ್ಕದು. ಭಾವಮೈದುನನ ಊರಿನಲ್ಲೇ ಒಬ್ಬ ಯಜಮಾನರ ಮನೆಗೆ ಮುಂಬಾಗಿಲು ಕೂರಿಸಿದೆ. ಯಜಮಾನರು ಬಾಗಿಲನ್ನು ಒಮ್ಮೆ ತೆಗೆದರು, ಒಮ್ಮೆ ಹಾಕಿದರು, ಸಲೀಸಾಗಿ ಹೇಳಿಬಿಟ್ಟರು.

"ಸರಿಯಾಗಿ ಅದೆ ಕಣಪ್ಪ."

ಮೂವತ್ತು ವರ್ಷದಿಂದ ಕಾಯುತ್ತಿದ್ದ ಮಾತು ಕೊನೆಗೆ ಒಂದು ಬಾಗಿಲಿಗೆ ಸಿಕ್ಕಿತಲ್ಲ. ಇನ್ನೊಂದು ಸಲ ಹೇಳಿ ಯಜಮಾನ್ರೇ ಅಂತ ಕೇಳಿದೆ. ಅವರು ನನ್ನ ಮುಖ ನೋಡಿದರು, ಬಾಗಿಲು ನೋಡಿದರು, ಮತ್ತೆ ನನ್ನ ಮುಖ ನೋಡಿದರು.

"ಇನ್ನೊಂದ್ಸಲ ಯಾಕ್ಲಾ ಏಳ್ಬೇಕು? ಎಲ್ಲೋ ಎಡವಟ್ಟು ಮಾಡಿದ್ದೀಯ ನೀನು."

ಮಗನನ್ನು ಕರೆದರು, ಪಕ್ಕದ ಮನೆಯವರನ್ನೂ ಕರೆದರು. ಎಲ್ಲರೂ ಸೇರಿ ಬಾಗಿಲನ್ನು ತಟ್ಟಿ, ಬಡಿದು, ಬಗ್ಗಿ ನೋಡಿ, ಕೊನೆಗೆ ಕೆಳಗಿನ ಕೀಲು ಅರ್ಧ ನೂಲು ಓರೆಯಿದೆ ಅಂತ ಕಂಡುಹಿಡಿದರು. ಸಂಜೆಯವರೆಗೆ ಕೂತು ಸರಿಮಾಡಿಕೊಟ್ಟು ಬಂದೆ. ಹೊರಡುವಾಗ ಹೇಗಿದೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹಸಿರು ದೀಪ

ಅಮ್ಮಾವ್ರ ಹತ್ತಿರ ಕಾಲೇಜಿನ ಒಬ್ಬ ಮೇಡಂ ಪಾಠಕ್ಕೆ ಬರುತ್ತಿದ್ದರು. ಅವರು ಬೆಂಗಳೂರಿನಿಂದ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದೊಂದು ಡಬ್ಬ ತಂದರು. ಅದರ ಮುಂದೆ ಸ್ವರ ನುಡಿಸಿದರೆ ಸರಿಯಿದ್ದಾಗ ಹಸಿರು ದೀಪ, ತಪ್ಪಿದ್ದಾಗ ಕೆಂಪು. ನನಗೆ ದೇವರೇ ಸಾಕ್ಷಿ ಕಳಿಸಿದ ಹಾಗಾಯಿತು. ನಾಲ್ಕು ದಿನಕ್ಕೆ ಅಂತ ಎರವಲು ತಂದೆ.

ಮೊದಲು ಮನೆಯಲ್ಲಿ ಪರೀಕ್ಷೆ ಮಾಡಿದೆ. ಹೆಂಡತಿ ಊಟಕ್ಕೆ ಕೂಗಿದರೆ ಕೆಂಪು. ನಮ್ಮ ಮಂಚ ಕಿರುಗುಟ್ಟಿದರೆ ಕೆಂಪು. ನನ್ನ ಕೆಮ್ಮು ಯಾವುದಕ್ಕೂ ಸೇರಲಿಲ್ಲ. ಅಡುಗೆಮನೆಯ ಕುಕ್ಕರ್ ಮೂರನೆಯ ಸಲ ಕೂಗಿದಾಗ ಮಾತ್ರ ಹಸಿರು ದೀಪ ಝಗ್ಗನೆ ಹತ್ತಿತು. ಕುಕ್ಕರನ್ನು ಮೆಚ್ಚಿದ ಡಬ್ಬದ ಮಾತು ಕಟ್ಟಿಕೊಂಡು ದೊಡ್ಡವರ ಮುಂದೆ ಹೋಗಬೇಡಿ ಅಂತ ಹೆಂಡತಿ ಎಚ್ಚರಿಸಿದಳು. ನಾನು ಕೇಳಲಿಲ್ಲ.

ಇಪ್ಪತ್ತನಾಲ್ಕು ಮೆಟ್ಟಿಲಿಗೂ ಹಸಿರು ಬರುವ ತನಕ ಬಿಡದೆ ಮೇಳ ಕಟ್ಟಿದೆ. ಅಮ್ಮಾವ್ರು ಮೀಟಿದರು, ಕಣ್ಣು ಮುಚ್ಚಿದರು, ಗಾಂಧಾರ ಸ್ವಲ್ಪ ಏರಿದೆ ಅಂದರು. ನಾನು ಜೇಬಿನಿಂದ ಡಬ್ಬ ತೆಗೆದು, ಕೋರ್ಟಿನಲ್ಲಿ ಕಾಗದಪತ್ರ ಇಡುವ ಹಾಗೆ ಅವರ ಮುಂದಿಟ್ಟು, ಇನ್ನೊಂದು ಸಲ ಮೀಟಲು ಹೇಳಿದೆ. ಮೀಟಿದರು. ಹಸಿರು ದೀಪ ಹತ್ತಿತು. ಪಾಠಕ್ಕೆ ಬಂದಿದ್ದ ಮೇಡಂ ಬಗ್ಗಿ ನೋಡಿದರು. ಅಮ್ಮಾವ್ರು ಕನ್ನಡಕ ಹಾಕಿಕೊಂಡು ಡಬ್ಬವನ್ನು ಬಹಳ ಹೊತ್ತು ನೋಡಿದರು.

"ಇದು ಯಾರ ಹತ್ತಿರ ಪಾಠ ಹೇಳಿಸಿಕೊಂಡಿದೆ?"

ಯಾರ ಹತ್ತಿರವೂ ಇಲ್ಲ, ಕಂಪನಿಯವರು ಮಾಡಿದ್ದು ಅಂತ ಮೇಡಂ ಮೆಲ್ಲಗೆ ಹೇಳಿದರು.

"ಅದಕ್ಕೇ," ಅಂದರು ಅಮ್ಮಾವ್ರು. ತಮ್ಮ ಗುರುಗಳ ಗಾಂಧಾರ ಇದಕ್ಕಿಂತ ಒಂದೆಳೆ ಕೆಳಗಿತ್ತು, ಅದು ಕಂಪನಿಯವರಿಗೆ ಹೇಗೆ ಗೊತ್ತಾಗಬೇಕು ಪಾಪ ಅಂತ ಡಬ್ಬದ ಮೇಲೆ ಕನಿಕರವನ್ನೂ ತೋರಿಸಿದರು. ನಾನು ಕಡ್ಡಿ ಕಾಯಿಸಲು ಎದ್ದೆ.

ಹೂವಿನ ವೀಣೆ

ಅಮ್ಮಾವ್ರನ್ನು ನೀನು ಅಂತ ಕರೆಯುತ್ತಿದ್ದ ಸ್ನೇಹಿತರು ಈ ಭೂಮಿಯ ಮೇಲೆ ಒಬ್ಬರೇ ಉಳಿದಿದ್ದರು. ಬೇಗೂರಿನವರು, ಪ್ರೈಮರಿ ಸ್ಕೂಲಿನಲ್ಲಿ ಜೊತೆಗೆ ಓದಿದವರು. ಚೆಂಡುಹೂವು ಬೆಳೆದು ಲಾರಿಗಟ್ಟಲೆ ಕೇರಳಕ್ಕೆ ಕಳಿಸುತ್ತಿದ್ದರು. ಅಮ್ಮಾವ್ರು ಮದುವೆ ಮನೆಗಳಲ್ಲಿ ನುಡಿಸುವವರಲ್ಲ. ಈ ಮನುಷ್ಯ ಬಂದು ಜಗಲಿಯ ಮೇಲೆ ಕಂಬಕ್ಕೊರಗಿ ಕೂತರು.

"ನೀ ಬಂದು ನುಡಿಸ್ದೆ ಓದ್ರೆ ನನ್ನ ಮೊಮ್ಮಗಳ್ಗೆ ತಾಳಿ ಕಟ್ಟುಸಕ್ಕಿಲ್ಲ ನಾನು."

ಮೊಮ್ಮಗಳ ಬಾಳು ಯಾಕೆ ಹಾಳು ಮಾಡುವುದು ಅಂತ ಅಮ್ಮಾವ್ರು ಒಪ್ಪಿದರು. ನಾನು ಹಿಂದಿನ ದಿನವೇ ವೀಣೆ ತೆಗೆದುಕೊಂಡು ಬೇಗೂರಿಗೆ ಹೋಗಿ, ಒಂದು ತಂಪಾದ ಕೋಣೆಯಲ್ಲಿ ಇಳಿಸಿ, ಇಂಜಿನ್ನು, ಒಲೆ, ಬಿಸಿಲು ಯಾವುದೂ ಹತ್ತಿರ ಬರದ ಹಾಗೆ ನೋಡಿಕೊಂಡೆ. ಹೂವಿನ ವಿಷಯ ನನಗೆ ಹೊಳೆಯಲಿಲ್ಲ.

ಬೆಳಿಗ್ಗೆ ನೋಡಿದರೆ ವೀಣೆಯೇ ಕಾಣುತ್ತಿಲ್ಲ. ಚಪ್ಪರ ಅಲಂಕಾರ ಮಾಡುವವರು ಹೂವು ಉಳಿಯಿತು ಅಂತ ಸಂತೋಷವಾಗಿ ಇದನ್ನೂ ಅಲಂಕರಿಸಿದ್ದರು. ಅದೂ ಎಂಥ ಕೆಲಸ. ವೀಣೆಯ ಕೊಡಕ್ಕೆ ಒಂದು ಸುತ್ತು, ಆಚೆ ಕೊನೆಯ ಸೋರೆ ಬುರುಡೆಗೆ ಒಂದು ಸುತ್ತು, ದಂಡಿಯ ಉದ್ದಕ್ಕೂ ಮೆಟ್ಟಿಲು ಮೆಟ್ಟಿಲಿನ ನಡುವೆ ದಾರ ತೂರಿಸಿ, ತಂತಿಗಳನ್ನೂ ಸೇರಿಸಿ ಬಿಗಿದು ಕಟ್ಟಿದ್ದರು. ನಾನು ಕತ್ತರಿ ತೆಗೆದೆ. ಮನೆಯ ಅಜ್ಜಿ, ಅಂದರೆ ಆ ಸ್ನೇಹಿತರ ತಾಯಿ, ತೊಂಬತ್ತು ದಾಟಿದವರು, ಅಡ್ಡ ಬಂದು ನಿಂತರು. ಮದುವೆ ದಿನ ದೇವರಿಗೆ ಮುಡಿಸಿದ ಹೂವಿಗೆ ಕತ್ತರಿ ಹಾಕುವುದುಂಟೆ, ಬೀಗರು ನೋಡಿದರೆ ಏನಂದುಕೊಂಡಾರು ಅಂತ ಕತ್ತರಿಯನ್ನೇ ಕಿತ್ತುಕೊಂಡರು.

ನಾನು ಆಗಷ್ಟೇ ಬಂದಿಳಿದಿದ್ದ ಅಮ್ಮಾವ್ರ ಮುಖ ನೋಡಿದೆ. ಅವರು ಒಂದು ಗಳಿಗೆ ಯೋಚಿಸಿ, ಆ ಹೂವಿನ ಗುಡ್ಡೆಯನ್ನು ಮುಂದಿಟ್ಟುಕೊಂಡು, ಬಾಯಿಬಿಟ್ಟು ಹಾಡಿದರು. ಜೀವಮಾನದಲ್ಲಿ ಅವರು ಜನರ ಮುಂದೆ ಹಾಡಿದ್ದು ಅದೊಂದೇ ಸಲ. ಅವರ ಗಂಟಲು ಹೇಗಿತ್ತು ಅಂತ ನಾನು ಹೇಳುವುದಿಲ್ಲ, ಅವರ ಉಪ್ಪು ತಿಂದಿದ್ದೇನೆ. ಬೇಗೂರಿನ ಜನ ಮಾತ್ರ ತಲೆದೂಗಿದರು, ವೀಣೆ ಎಷ್ಟು ಚೆನ್ನಾಗಿತ್ತು ಅಂತ ಉಂಡು ಹೋಗುವಾಗ ಹೇಳಿ ಹೋದರು.

ವಾಪಸು ಬರುವಾಗ ನಾನು ನಾಚಿಕೆಯಿಂದ ತಲೆ ತಗ್ಗಿಸಿ ಕೂತಿದ್ದೆ. ಹೇಗಿತ್ತು ಅಂತ ಅವರೇ ಕೇಳಿದರು. ಗಾಂಧಾರ ಏರಿರಲಿಲ್ಲವೇ ಅಮ್ಮಾವ್ರೇ ಅಂತ ನಾನೂ ಸ್ವಲ್ಪ ಕುಟುಕಿದೆ.

"ಇಲ್ಲ," ಅಂದರು. "ನನ್ನ ಗಂಟಲಿಗೆ ಮೇಳ ಕಟ್ಟಿದ್ದು ನೀವಲ್ಲವಲ್ಲ."

ಗಾಜಿನ ಪೆಟ್ಟಿಗೆ

ಅಮ್ಮಾವ್ರಿಗೆ ಎಪ್ಪತ್ತೈದು ತುಂಬಿತು. ಊರಿನವರು ಸಮಿತಿ ಮಾಡಿಕೊಂಡು ಚಾಮರಾಜನಗರದಲ್ಲೇ ದೊಡ್ಡ ಸನ್ಮಾನ, ಆಮೇಲೆ ಅವರ ಕಛೇರಿ ಅಂತ ಗೊತ್ತುಮಾಡಿದರು. ಇದು ಬಿಟ್ಟರೆ ಇನ್ನ್ಯಾವಾಗ ಅಂತ ನನಗೆ ಅನ್ನಿಸಿತು. ಈ ಸಲ ಸರಿಯಾಗಿದೆ ಅನ್ನಿಸಿಯೇ ತೀರಬೇಕು.

ಕಾಲೇಜಿನ ಮೇಡಂ ಹತ್ತಿರ ಅಮ್ಮಾವ್ರ ಗುರುಗಳದ್ದೊಂದು ಹಳೆಯ ಕ್ಯಾಸೆಟ್ಟು ಇತ್ತು. ಅದನ್ನು ಬೇಡಿ ತಂದು, ಟೇಪ್‌ರೆಕಾರ್ಡರ್ ಪಕ್ಕದಲ್ಲಿಟ್ಟುಕೊಂಡು, ಒಂದೇ ಗಾಂಧಾರವನ್ನು ನೂರಾರು ಸಲ ಹಿಂದೆ ತಿರುಗಿಸಿ ಕೇಳಿದೆ. ಡಬ್ಬವನ್ನು ಮುಟ್ಟಲಿಲ್ಲ. ಬಂದ ಬಾಗಿಲ ಕೆಲಸವನ್ನೆಲ್ಲ ಮುಂದಕ್ಕೆ ಹಾಕಿ, ಐದು ದಿನ ಕೂತು ಇಪ್ಪತ್ತನಾಲ್ಕು ಮೆಟ್ಟಿಲು ಕಟ್ಟಿದೆ. ಹಾಗೆ ನಾನು ಎಂದೂ ಕಟ್ಟಿರಲಿಲ್ಲ, ಇನ್ನು ಕಟ್ಟಲಾರೆ ಕೂಡ. ಕಾರ್ಯಕ್ರಮದ ದಿನ ವೀಣೆಯನ್ನು ನೇರ ವೇದಿಕೆಗೇ ಒಪ್ಪಿಸಿ, ಹೊಸ ಪಂಚೆ ಉಟ್ಟು ಮುಂದಿನ ಸಾಲಿನಲ್ಲಿ ಹೆಂಡತಿಯ ಜೊತೆ ಕೂತೆ.

ಶಾಲು, ಹಾರ, ಪೇಟ ಎಲ್ಲ ಆಯಿತು. ಆಮೇಲೆ ಸಮಿತಿಯವರು ನಾಲ್ಕು ಜನ ಸೇರಿ ಒಂದು ಗಾಜಿನ ಪೆಟ್ಟಿಗೆ ಹೊತ್ತು ತಂದರು. ಅದರೊಳಗೆ ಒಂದು ವೀಣೆ. ಮನೆಯ ಷೋಕೇಸಿನಲ್ಲಿ ಇಡುತ್ತಾರಲ್ಲ, ಅಂಥದ್ದು. ಮೈಯೆಲ್ಲ ಬಂಗಾರದ ಬಣ್ಣ, ಎರಡು ಪ್ಲಾಸ್ಟಿಕ್ ನವಿಲು, ತಂತಿಗೆ ಬಂದರೆ ಬಟ್ಟೆ ಒಣಹಾಕುವ ತಂತಿಯ ದಪ್ಪ. ಮೆಟ್ಟಿಲುಗಳನ್ನು ಗೋಂದು ಹಾಕಿ ಅಂಟಿಸಿದ್ದರು. ನಿಜವಾದ ವೀಣೆಯಲ್ಲಿ ಮೆಟ್ಟಿಲುಗಳ ನಡುವಿನ ಜಾಗ ಮೇಲಕ್ಕೆ ಹೋದಂತೆಲ್ಲ ಕಿರಿದಾಗುತ್ತದೆ. ಇದರಲ್ಲಿ ಅಟ್ಟದ ಏಣಿಯ ಹಾಗೆ ಎಲ್ಲ ಒಂದೇ ಅಳತೆ. 

ಅಮ್ಮನವರು ಇದರ ಮೇಲೆ ಒಂದೇ ಒಂದು ಸ್ವರ ನುಡಿಸಿ ಆಶೀರ್ವಾದ ಮಾಡಬೇಕು ಅಂತ ಅಧ್ಯಕ್ಷರು ಕೈಮುಗಿದರು. ಜನ ಚಪ್ಪಾಳೆ ತಟ್ಟಿದರು. ಅಮ್ಮಾವ್ರು ಅದನ್ನು ತೊಡೆಯ ಮೇಲಿಟ್ಟುಕೊಂಡು ಮೀಟಿದರು. ಬಿಸ್ಕತ್ತಿನ ಡಬ್ಬ ಕೆಳಗೆ ಬಿದ್ದ ಹಾಗೆ ಸದ್ದಾಯಿತು. ಅವರು ಕಣ್ಣು ಮುಚ್ಚಿದರು. ಬರಲಿ ಈಗ, ಏರಿದೆ ಅಂದರೆ ಎಷ್ಟು ಏರಿದೆ ಅಂತ ಜನಕ್ಕೂ ಗೊತ್ತಾಗಲಿ ಅಂತ ನಾನು ಕಾದೆ. ಅಮ್ಮಾವ್ರು ಕಣ್ಣು ತೆರೆದು, ಅಧ್ಯಕ್ಷರ ಕಡೆ ನೋಡಿ, ಮೈಕಿನಲ್ಲಿ ಹೇಳಿದರು.

"ಸರಿಯಾಗಿದೆ."

ಸಭೆಗೆ ಸಭೆಯೇ ಎದ್ದು ಚಪ್ಪಾಳೆ ಹೊಡೆಯಿತು. ನಾನೂ ಎದ್ದೆ, ಎದ್ದವನು ಹೊರಗೆ ಬಂದುಬಿಟ್ಟೆ. ನನ್ನ ವೀಣೆಯ ಮೇಲಿನ ಕಛೇರಿಯನ್ನು ಎದುರಿನ ಟೀ ಅಂಗಡಿಯಲ್ಲಿ ಕೂತು, ಲೌಡ್‌ಸ್ಪೀಕರಿನಲ್ಲಿ ಕೇಳಿದೆ. ಅಳುತ್ತಿದ್ದೀರಾ ಅಂತ ಅಂಗಡಿಯವನು ಕೇಳಿದ. ಹೊಗೆ ಅಂದೆ. ಅವನದ್ದು ಗ್ಯಾಸಿನ ಒಲೆ.

ನಾಲ್ಕು ದಿನ ಆ ಕಡೆ ತಲೆ ಹಾಕಲಿಲ್ಲ. ಇನ್ನು ಬಾಗಿಲು ಕಿಟಕಿಯೇ ಸಾಕು, ವೀಣೆಯ ಸಹವಾಸ ಬೇಡ ಅಂತ ಹೆಂಡತಿಗೆ ಹೇಳಿದೆ. ಅಮ್ಮಾವ್ರು ಹೇಳಿಕಳಿಸಿದರೂ ಮೈಗೆ ಹುಷಾರಿಲ್ಲ ಅಂದೆ. ಐದನೆಯ ದಿನ ಬೆಳಿಗ್ಗೆ ಮನೆಯ ಮುಂದೆ ಆಟೋ ನಿಂತಿತು. ಅಮ್ಮಾವ್ರು ಇಳಿದರು. ಅವರ ಹಿಂದೆ ಗಾಜಿನ ಪೆಟ್ಟಿಗೆ ಇಳಿಯಿತು, ಅದರ ಹಿಂದೆ ಅವರ ಹಳೆಯ ವೀಣೆ.

"ಇದು ನಿಮ್ಮ ಮನೇಲಿರಲಿ ಆಚಾರ್ರೇ," ಅಂತ ಪೆಟ್ಟಿಗೆ ತೋರಿಸಿದರು. "ಸರಿಯಾಗಿದೆ ಅಂದುಬಿಟ್ಟಿದ್ದೀನಿ. ಇನ್ನು ಅದನ್ನ ನಾನು ಮುಟ್ಟೋದಿಲ್ಲ."

ನಾನು ಗೋಡೆ ನೋಡುತ್ತಾ ನಿಂತಿದ್ದೆ. ಅವರು ನನ್ನ ಕೆಲಸದ ಹಲಗೆಯ ಮೇಲಿದ್ದ ಮರದ ಪುಡಿಯನ್ನು ಸೆರಗಿನಿಂದ ಒರೆಸಿಕೊಂಡು ಕೂತರು. ಹನ್ನೊಂದು ವರ್ಷ ಗುರುಗಳ ಹತ್ತಿರ ಕಲಿತರಂತೆ. ಅಷ್ಟೂ ವರ್ಷ ದಿನಾ ಅದು ಸರಿಯಿಲ್ಲ, ಇದು ಸರಿಯಿಲ್ಲ ಅಂತ ಬೈಸಿಕೊಂಡರಂತೆ.

"ಒಂದು ದಿನ ಸರಿಯಾಗಿದೆ ಅಂದರು. ನಾನು ಖುಷಿಯಾಗಿ ಮನೆಗೆ ಹೋಗಿ ಸಿಹಿ ಮಾಡಿಸಿದೆ. ಮಾರನೇ ದಿನ ಪಾಠಕ್ಕೆ ಹೋದರೆ, ಇನ್ಯಾಕೆ ಬಂದೆ ಅಂತ ಕೇಳಿದರು. ಅವತ್ತಿಂದ ನನ್ನ ಗಾಂಧಾರ ಕೇಳೋರು ಯಾರೂ ಇಲ್ಲ."

 ಮೂವತ್ತು ವರ್ಷ ನಾನು ಬೇಡಿಕೊಂಡದ್ದು ಏನನ್ನು ಅಂತ ಆಗ ಗೊತ್ತಾಯಿತು. ಅಷ್ಟರಲ್ಲಿ ಅವರು ಹಳೆಯ ವೀಣೆಯನ್ನು ತೊಡೆಗೆ ತೆಗೆದುಕೊಂಡರು. ಸಭೆಯ ದಿನ ನುಡಿಸಿದ ಮೇಲೆ ಒಂದು ಮಾತು ಹೇಳುವುದಿತ್ತು, ನೀವು ಸಿಗಲಿಲ್ಲ ಅಂದರು. ಗಾಂಧಾರ ಮೀಟಿದರು. ಐದು ದಿನ ಕ್ಯಾಸೆಟ್ಟು ತಿರುಗಿಸಿ ಕೂರಿಸಿದ ಗಾಂಧಾರ ನಮ್ಮ ಮನೆಯೊಳಗೆಲ್ಲ ತುಂಬಿಕೊಂಡು ನಿಂತಿತು. ಅವರು ಕಣ್ಣು ಮುಚ್ಚಿದರು. ಎಂದಿಗಿಂತ ಜಾಸ್ತಿ ಹೊತ್ತು ಮುಚ್ಚಿಕೊಂಡೇ ಇದ್ದರು. ಮುಖದಲ್ಲಿ ನಗು ಬಂತು, ತಲೆ ಆಡಿತು. ಬಾಯಿ ತೆರೆಯುವುದನ್ನು ಕಂಡು ನನ್ನ ಜೀವ ಹಾರಿಹೋಯಿತು.

"ಅಮ್ಮಾವ್ರೇ, ನಿಮ್ ದಮ್ಮಯ್ಯ," ಅಂತ ಕೈಮುಗಿದೆ. "ಏರಿದೆ ಅಂದ್ಬುಡಿ."

ಅವರು ಕಣ್ಣು ಬಿಟ್ಟು ನನ್ನನ್ನೇ ನೋಡಿದರು. ಮತ್ತೊಮ್ಮೆ ಮೀಟಿ, ಗಂಟಲು ಸರಿಮಾಡಿಕೊಂಡು, ಯಾವಾಗಿನ ಧ್ವನಿಯಲ್ಲೇ ಹೇಳಿದರು.

"ಗಾಂಧಾರ ಸ್ವಲ್ಪ ಏರಿದೆ."

ಅಬ್ಬ ಅಂತ ಉಸಿರು ಬಿಟ್ಟು ಅಡುಗೆಮನೆಗೆ ಓಡಿದೆ. ಒಲೆಯ ಮೇಲೆ ಬೇಯುತ್ತಿದ್ದ ಮುದ್ದೆ ಪಾತ್ರೆಯನ್ನು ಇಳಿಸಿ ಕಬ್ಬಿಣದ ಕಡ್ಡಿ ಇಟ್ಟೆ. ಮದುವೆಯಾದ ಮೇಲೆ ಅದೇ ಮೊದಲ ಸಲ, ನನ್ನ ಹೆಂಡತಿ ಜಗಳ ತೆಗೆಯಲಿಲ್ಲ. ಉರಿ ಸ್ವಲ್ಪ ಜೋರು ಮಾಡಿದಳು.